ಚೀಲದೊಳಗಿನ ಕರೆಂಟು

ಟ್ರಾನ್ಸ್‌ಫಾರ್ಮರಿನ ಮೂರು ಫ್ಯೂಜುಗಳನ್ನು ಕಿತ್ತು ಹೆಗಲ ಚೀಲಕ್ಕೆ ಹಾಕಿಕೊಂಡ ಮೇಲೆಯೇ ಲೈನ್‌ಮನ್ ಯರ್ರೆಪ್ಪ ಕಬ್ಬಿಣದ ಕಂಬಕ್ಕೆ ಕಾಲಿಟ್ಟ. ಇಪ್ಪತ್ತೆರಡು ವರ್ಷದಿಂದ ಅವನ ಪದ್ಧತಿ ಅದು. ಫ್ಯೂಜನ್ನು ಅಲ್ಲೇ ಇಟ್ಟು ಬಂದರೆ, ಬೋರು ಹಚ್ಚುವ ಆತುರಕ್ಕೆ ಯಾವನಾದರೂ ತಿರುಗಿ ಸಿಕ್ಕಿಸಿಬಿಟ್ಟಾನು. "ಗುಡೇಕೋಟಿ ಕರೆಂಟೆಲ್ಲಾ ಈಗ ನನ್ನ ಚೀಲದಾಗ ಐತಿ," ಎಂದು ಚೀಲ ತಟ್ಟುವುದೇ ಅವನ ಮಂತ್ರ. ತಂತಿಗೆ ಟೆಸ್ಟರ್ ಮುಟ್ಟಿಸಿ ನೋಡುವ ಅಭ್ಯಾಸವನ್ನು ಆ ಚೀಲ ಎಂದೋ ಬಿಡಿಸಿತ್ತು.

ಹಿಂದಿನ ದಿನದ ಗಾಳಿಗೆ ಊರ ಕಡೆಯಿಂದ ಬರುವ ತಂತಿ ಹರಿದು ಬಿದ್ದಿತ್ತು. ಇದು ಕೊನೆಯ ಕಂಬ. ಆಚೆಗಿರುವುದು ಬೀರಲಿಂಗೇಶನ ಮನೆಯೊಂದೇ. ಹರಿದ ತಂತಿಯನ್ನು ಹಗ್ಗಕ್ಕೆ ಕಟ್ಟಿ ಕೆಳಗಿನಿಂದ ಜಗ್ಗಿ ಹಿಡಿದು ನಿಂತವನೂ ಅವನೇ. ಬಿ.ಎಸ್ಸಿ. ಓದುವಾಗ ಅವನು ಫಿಸಿಕ್ಸ್ ಪಾಸಾಗಿದ್ದಕ್ಕಿಂತ, ಎದುರಿಗೆ ಪಾಸಾದವರ ದನಿ ಅಣಕಿಸಿದ್ದೇ ಹೆಚ್ಚು. ಯರ್ರೆಪ್ಪ ಎರಡಾಳೆತ್ತರ ಏರಿದ್ದಾಗ ಬೀರಲಿಂಗೇಶ ಕೆಳಗಿನಿಂದ "ಜುಂಯ್" ಎಂದ; ಟ್ರಾನ್ಸ್‌ಫಾರ್ಮರ್ ಗುನುಗಿದಂತೆಯೇ. ಯರ್ರೆಪ್ಪ ಕಂಬವನ್ನು ತಬ್ಬಿಕೊಂಡ. ಬೆನ್ನಿಗೇ ಅದೇ ಬಾಯಿಂದ ಸೆಕ್ಷನ್ ಆಫೀಸರರ ಮೂಗಿನ ದನಿಯಲ್ಲಿ ಒಂದು ಅಪ್ಪಣೆಯೂ ಬಂತು, ಲೈನ್ ಐತಿ, ಕರೆಂಟು ಬಂತು, ಇಳಿಯೋ ಅಂತ.

"ಲೇ ಅಳಿಯಾ, ಇಕ್ಕಳ ಬೀಳತೈತಿ ನೋಡು ನಿನ್ನ ತಲಿ ಮ್ಯಾಲ. ಇನ್ನ ನೀ ಬಾಯಿ ಬಡ್ಕೊಂಡ್ರೂ ನಾ ಕೆಳಗ ನೋಡಂಗಿಲ್ಲ."

ಬೀರಲಿಂಗೇಶನ ಮಾಳಿಗೆಯ ಮೇಲೆ ಆರು ಸೋಲಾರ್ ಹಲಗೆಗಳಿದ್ದವು. ಹೆಚ್ಚಾದ ಕರೆಂಟು ಲೈನಿಗೇ ಹೋಗಿ ಮೀಟರಿನ ತಟ್ಟೆ ಹಿಂದಕ್ಕೆ ತಿರುಗುವುದನ್ನು ಅರ್ಧ ಊರು ಬಂದು ನೋಡಿತ್ತು. ಲೈನ್ ಹೋದರೆ, ಹಲಗೆಗಳ ಕರೆಂಟನ್ನು ಮನೆಗೆ ಕೊಡುವ ಸೋಲಾರ್ ಪೆಟ್ಟಿಗೆಯೂ ತಾನಾಗಿ ಸುಮ್ಮನಾಗುತ್ತದೆ, ಕಂಬ ಹತ್ತಿದವನ ಜೀವಕ್ಕಾಗಿಯೇ ಈ ಏರ್ಪಾಡು ಎಂದು ಕೂಡಿಸಿದವರು ಹೇಳಿದ್ದರು. ಆದರೆ ದಿನಕ್ಕೆ ಹತ್ತು ತಾಸು ಲೈನ್ ಇಲ್ಲದ ಊರಲ್ಲಿ, ನೆತ್ತಿಯ ಮೇಲೆ ಅಷ್ಟು ಬಿಸಿಲಿಟ್ಟುಕೊಂಡು ಫ್ಯಾನಿಲ್ಲದೆ ಕೂರುವುದು ಅವನಿಗೆ ಸರಿಬರಲಿಲ್ಲ. ಹಳೆಯ ಬ್ಯಾಟರಿ ಇನ್ವರ್ಟರನ್ನು ಮನೆಯ ವೈರಿಗೆ ಸೇರಿಸಿ, ಪೆಟ್ಟಿಗೆಯ ಮುಂದೆ ಲೈನಿನ ಮಿಮಿಕ್ರಿ ಮಾಡಿಸಿಬಿಟ್ಟ. ಲೈನ್ ಇದೆಯೆಂದೇ ನಂಬಿ ಪೆಟ್ಟಿಗೆ ದುಡಿಯುತ್ತಿತ್ತು. ಒಂದು ಎಚ್ಚರ ಮಾತ್ರ ಬೇಕಿತ್ತು: ಲೈನ್ ಹೋದೊಡನೆ ಮೇನ್ ಸ್ವಿಚ್ ಇಳಿಸಬೇಕು, ಇಲ್ಲದಿದ್ದರೆ ಮನೆಯ ಕರೆಂಟು ಕಂಬಕ್ಕೆ ಹರಿಯುತ್ತದೆ. ನಿನ್ನೆಯೇ ಇಳಿಸಿದ್ದ.

ಅವನ ಅವ್ವ ಸುಂಕಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಹಣೆಗೆ ಕೈ ಅಡ್ಡ ಹಿಡಿದು, ಯರ್ರೆಪ್ಪನ ತಲೆಯ ಮೇಲಿದ್ದ ಬೀದಿಬಲ್ಬನ್ನು ನೋಡಿದಳು. ಸ್ವಿಚ್ಚಿಲ್ಲದ ಬಲ್ಬು ಅದು. ತಂತಿಯಲ್ಲಿ ಕರೆಂಟಿದ್ದಷ್ಟು ಹೊತ್ತೂ ಉರಿಯುತ್ತಿತ್ತು, ಹಗಲಲ್ಲೂ.

"ಬಂತು ನೋಡು ಕರೆಂಟು," ಎಂದಳು ಖುಷಿಯಿಂದ. "ಯರ್ರೆಪ್ಪ ಬಂದಾನಂದ್ರ ಬಂದಂಗ ಅಂತ ಈಗಷ್ಟ ಮೇನ್ ಎತ್ತಿ ಬಂದೆ."

ಬೀರಲಿಂಗೇಶ ತಲೆಯೆತ್ತಿದ. ಬಿಳಿ ಬಿಸಿಲಲ್ಲಿ ಒಂದು ಹಳದಿ ಚುಕ್ಕೆ. ಅದರ ಕೆಳಗೆ ಯರ್ರೆಪ್ಪನ ಬರಿಗೈ ಮನೆ ಕಡೆಯ ತಂತಿಯತ್ತ ಚಾಚುತ್ತಿತ್ತು.

"ಮಾಮಾ, ಮುಟ್ಟಬ್ಯಾಡ. ಖರೇನ ಲೈನ್ ಐತಿ."

ಮೇಲಿನಿಂದ ನಗು ಕೇಳಿಸಿತು. "ಅವ್ವನ ದನೀನೂ ಕಲ್ತುಬಿಟ್ಟಿ ಅಲ್ಲಲೇ. ಕರೆಂಟು ನನ್ನ ಚೀಲದಾಗ ಐತಿ."

ಬೀರಲಿಂಗೇಶ ಹಗ್ಗ ಬಿಟ್ಟು ಓಡಿದ. ಮನೆಗೆ ನಲವತ್ತು ಹೆಜ್ಜೆ. ಕಾಲು ಮುಂದೆ, ಕಿವಿ ಹಿಂದೆ. ಒಂದು ಚಟ್ ಎಂಬ ಸದ್ದಿಗೆ, ಆಮೇಲೆ ಮೈ ಬೀಳುವ ಸದ್ದಿಗೆ ಕಿವಿ ಕಾಯುತ್ತಿತ್ತು. ಹೊಸ್ತಿಲು ಎಡವಿದ. ಮೇನ್ ಇಳಿಸಿದ. ಹೊರಗೆ ಏನೂ ಕೇಳಿಸಲಿಲ್ಲ.

ಹೊರಗೆ ಬಂದು ನೋಡಿದರೆ ಯರ್ರೆಪ್ಪ ಇನ್ನೂ ಕಂಬದ ಮೇಲಿದ್ದ. ಹಗ್ಗ ಸಡಿಲಾಗಿ ತಂತಿ ಜಾರಿದಾಗ ಏನಾಯಿತೆಂದು ಮುಖ ಎತ್ತಿದವನು, ಉರಿಯುವ ಬಲ್ಬನ್ನೂ ಅದು ಆರಿದ್ದನ್ನೂ ಕಂಡಿದ್ದ. ಚಾಚಿದ ಕೈ ತಂತಿಗೆ ನಾಲ್ಕು ಬೆರಳು ಈಚೆಗೆ ನಿಂತಿತ್ತು. ಅದನ್ನು ಮಡಚಿಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಕೆಳಗಿಳಿದವನು ಸುಂಕಮ್ಮ ಕೊಟ್ಟ ನೀರು ಕುಡಿದ. ಚೀಲ ಬಿಚ್ಚಿ, ಫ್ಯೂಜುಗಳನ್ನು ಒಂದೊಂದಾಗಿ ಕಟ್ಟೆಯ ಮೇಲಿಟ್ಟ. ಮೂರೂ ಇದ್ದವು.

"ಅಳಿಯಾ," ಎಂದ ಮೆಲ್ಲಗೆ, "ಈಗೊಮ್ಮಿ ಆ ಜುಂಯ್ ಅನ್ನು ನೋಡಾಣ."

ಬೀರಲಿಂಗೇಶ ಬಾಯಿ ತೆರೆದ. ತುಟಿ ಅಲುಗಿತು, ಸದ್ದು ಬರಲಿಲ್ಲ. ಒಳಗೆ, ಗೋಡೆಯ ಮೇಲಿನ ಸೋಲಾರ್ ಪೆಟ್ಟಿಗೆ ಮಾತ್ರ ಇನ್ನೂ "ಜುಂಯ್" ಎನ್ನುತ್ತಲೇ ಇತ್ತು.