ಒಂದೂವರೆ ಇಂಚಿನ ಅಟ್ಟೆ

“ಪಾರ್ಸಲ್ ಮುಟ್ಟಿಲ್ಲ ಅಂದ್ರ ಮುಟ್ಟಿಲ್ಲ. ನಾ ಯಾಕ ಸುಳ್ಳ ಹೇಳ್ಲಿ?” ಜಗದೇವಪ್ಪ ಹೊಸ್ತಿಲು ಬಿಟ್ಟು ಅಲ್ಲಾಡಲಿಲ್ಲ. ಬಂದವನನ್ನು ಒಳಗೆ ಕರೆಯಲೂ ಇಲ್ಲ.

ಮೌಲಾಲಿ ಅಂಗಿಯ ಜೇಬನ್ನು ಮುಟ್ಟಿಕೊಂಡ. ಟಪಾಲಿನ ಕಾರ್ಡು ಅಲ್ಲೇ ಇತ್ತು. ಪಾರ್ಸಲ್ ಪಡೆದವರು ಸಹಿ ಹಾಕಿದ ಮೇಲೆ ಕಳಿಸಿದವನಿಗೆ ವಾಪಸು ಬರುವ ಕಾರ್ಡು. ಅದರ ಮೇಲೆ ದುಂಡಗೆ ‘ಜಗದೇವಪ್ಪ’ ಎಂದು ಬರೆದಿತ್ತು. ಪಾರ್ಸಲ್ ಬಂದಿಲ್ಲವೆಂಬ ಪತ್ರದಲ್ಲೂ ಅದೇ ದುಂಡು ಅಕ್ಷರ. ಸಹಿ ಹಾಕಿದ ಕೈಯೇ ಪಾರ್ಸಲ್ ಮುಟ್ಟಿಲ್ಲವೆಂದೂ ಬರೆದಿದೆ, ಇನ್ನೇನು ಸಾಕ್ಷಿ ಬೇಕು ಎಂದುಕೊಂಡೇ ಅವನು ಆಳಂದದಲ್ಲಿ ಬಸ್ಸು ಹತ್ತಿ ಜೇವರ್ಗಿಗೆ ಬಂದಿದ್ದ.

ಕಾಲು ಗಿಡ್ಡವಿದ್ದವರಿಗೆ ಎತ್ತರದ ಅಟ್ಟೆಯ ಬೂಟು ಹೊಲಿಯುವುದು ಮೌಲಾಲಿಯ ಕಸುಬು. ಪೇಪರಿನಲ್ಲಿ ಜಾಹೀರಾತು ಕೊಟ್ಟ ಮೇಲೆ ದೂರದವರೂ ಟಪಾಲಿನಲ್ಲಿ ತರಿಸಿಕೊಳ್ಳತೊಡಗಿದ್ದರು. ಹೋದ ವರ್ಷ ಅಫಜಲಪುರದವನೊಬ್ಬ ಮುಟ್ಟಿಲ್ಲವೆಂದು ಬರೆದು ಎರಡನೆಯ ಜೊತೆ ತರಿಸಿಕೊಂಡ. ಕೊನೆಗೆ ನೋಡಿದರೆ ಮೊದಲನೆಯ ಜೊತೆಯನ್ನು ಸಂತೆಯಲ್ಲಿ ಮಾರಿದ್ದ. ಇನ್ನೊಮ್ಮೆ ಮೋಸಹೋಗಲು ಮೌಲಾಲಿ ತಯಾರಿರಲಿಲ್ಲ.

“ಗೌರಾ, ಕಾಗದ ಪೆನ್ನು ತಾ ಬೇ,” ಜಗದೇವಪ್ಪ ಒಳಗೆ ಕೂಗಿದ. “ಇಂವ ಏನೇನ ಹೇಳ್ತಾನ ಎಲ್ಲಾ ಬರ್ಕೊ. ಹೆಬ್ಬಟ್ಟು ನಾ ಒತ್ತತೇನಿ. ನಮ್ಮನ್ಯಾಗ ಬರಿಯಾಕ ಬರೋದು ಇಕಿ ಒಬ್ಬಾಕಿಗೇ.”

ಮೌಲಾಲಿಯ ಕೈ ಜೇಬಿನೊಳಗಿನ ಕಾರ್ಡಿನ ಮೇಲೆಯೇ ನಿಂತಿತು.

ಇಪ್ಪತ್ತು ವರ್ಷದ ಮಗಳು ಹೊರಗೆ ಬಂದಳು. ಬಲಗಾಲು ಊರಿದಾಗೆಲ್ಲ ಮೈ ಆ ಕಡೆಗೆ ವಾಲುತ್ತಿತ್ತು. ಒಂದೂವರೆ ಇಂಚು. ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಅವಳು ಕಂಬಕ್ಕೆ ಆತು ಕುಳಿತು ಹಾಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. ತಲೆ ಎತ್ತಲಿಲ್ಲ.

“ಸೋಮವಾರ ಇಕಿನ್ನ ನೋಡಾಕ ಬರ್ತಾರ,” ಎಂದ ಜಗದೇವಪ್ಪ. “ಕಾಲಿನ ಮಾತು ಅವರಿಗಿ ತಿಳಿಸಿಲ್ಲ. ಬೂಟು ಹಾಕಿ, ಮ್ಯಾಲ ಉದ್ದಕ ಸೀರಿ ಉಡಿಸಿದ್ರ ನಾಕ ಹೆಜ್ಜಿ ಸಾಗತಿತ್ತು. ಅಡತಿ ಅಂಗಡ್ಯಾಗ ತೊಗರಿಚೀಲ ಹೊತ್ತು ಬೆನ್ನ ಹೋಗ್ಯಾದ ನಂದು. ಇಕಿನ್ನ ಒಂದು ಮನಿ ಮುಟ್ಟಿಸಿ ಸಾಯಬೇಕಂತ ಅದೇನಿ. ನೀ ನೋಡಿದ್ರ ಕಳಿಸೇನಿ ಅಂತಿ. ನಡಿ, ಟಪಾಲ ಆಫೀಸಿಗೇ ಹೋಗೂಣು. ಯಾರ ಸುಳ್ಳು ಅಲ್ಲೇ ಗೊತ್ತಾಗ್ತದ. ಸುಳ್ಳ ಹೇಳಿದವರು ಯಾರೇ ಇರ್ಲಿ, ಕಾಲ ಮುರೀತೇನಿ!”

ಹುಡುಗಿ ಪೆನ್ನನ್ನು ಕೆಳಗಿಟ್ಟಳು. ಅವಳು ಮೊದಲ ಸಲ ಮೌಲಾಲಿಯ ಮುಖ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ ಅದು. ಏಟು ಬೀಳುವುದು ಗೊತ್ತಾದ ಮೇಲೆ ಸುಮ್ಮನಾಗುವ ನೋಟ. ಜಗದೇವಪ್ಪ ಆಗಲೇ ರುಮಾಲು ಹೆಗಲಿಗೆ ಹಾಕಿಕೊಂಡಿದ್ದ.

“ಬ್ಯಾಡ್ರಿ,” ಎಂದ ಮೌಲಾಲಿ. ಮುಂದಿನ ಮಾತು ತನ್ನದೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ. “ನಾ ಕಳಿಸೇ ಇಲ್ರಿ. ಮಾಡೂದು ಮರ್ತೆ. ಮುಚ್ಚಿಕೊಳ್ಳಾಕ ಬಂದಿದ್ದೆ. ನಿಮ್ಮ ರೊಕ್ಕ ಹೊಳ್ಳಿ ಕೊಡ್ತೇನಿ.”

ಜಗದೇವಪ್ಪ ಹೆಗಲ ಮೇಲಿನ ರುಮಾಲು ತೆಗೆದ. ಕೂಗಾಡಲಿಲ್ಲ. “ರೊಕ್ಕ ಒಯ್ದು ಏನ್ ಮಾಡ್ಲಿ? ಸೋಮವಾರ ಇಕಿ ಹ್ಯಾಂಗ ನಡೀಬೇಕು, ಅದನ್ನ ಹೇಳು,” ಎಂದವನೇ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ಹೊರಟವನ ಹಿಂದೆಯೇ ಗೌರಾ ನೀರಿನ ತಂಬಿಗೆ ಹಿಡಿದು ಬೀದಿಯ ತಿರುವಿನವರೆಗೆ ಬಂದಳು.

“ಬೂಟು ಭಾವಿಯೊಳಗ ಅದಾವ್ರಿ, ಕಾಕಾ.”

“ಛಲೋ ಕೂತಿರಲಿಲ್ಲೇನವ್ವಾ?”

“ಭಾಳ ಛಲೋ ಇದ್ದೂ. ಹಾಕ್ಕೊಂಡು ಮನಿ ತುಂಬ ಅಡ್ಡಾಡಿದೆ. ಕನ್ನಡಿ ಮುಂದ ಎಷ್ಟೋ ಸಲ ನಡದೆ. ನನ್ನಂಗ ಕಾಣಲೇ ಇಲ್ಲ. ಬರೋರು ಕನ್ನಡಿಯಾಗಿನ ಆಕಿನ್ನ ಒಪ್ಪತಾರ್ರಿ. ಲಗ್ನ ಆದ ರಾತ್ರಿ ಬೂಟು ಕಳಚಿದ್ರ ನಾನೇ ಉಳೀತೇನಿ.” ಅವಳು ತಂಬಿಗೆಯನ್ನು ಮುಂದೆ ಚಾಚಿದಳು. “ಅಪ್ಪ ನಿಮ್ಮ ಹೆಸರು ಕೆಡಸ್ತಾನ್ರಿ.”

ಮೌಲಾಲಿ ನೀರು ಕುಡಿದು ತಂಬಿಗೆ ಕೊಟ್ಟ.

ಸೋಮವಾರ ಬಂದವರು ಹುಡುಗಿ ನಾಲ್ಕು ಹೆಜ್ಜೆ ಇಡುವುದರೊಳಗೆ ಚಹಾ ಬಿಟ್ಟು ಎದ್ದರಂತೆ. ಗುರುವಾರ ಜಗದೇವಪ್ಪನೇ ಆಳಂದಕ್ಕೆ ಬಂದ. ಬಜಾರಿನಲ್ಲಿ ಮೌಲಾಲಿಯ ಅಂಗಡಿಯೆದುರು ನಿಂತು, ಕಳ್ಳ, ರೊಕ್ಕ ನುಂಗಿ ಬೂಟು ಕಳಿಸದ ಬೇಮಾನ ಎಂದು ಗಂಟಲು ಹರಿಯುವಂತೆ ಕೂಗಿದ. ಹಿರೋಳ್ಳಿಯಿಂದ ಮಗನ ಕಾಲಿನ ಅಳತೆ ಕೊಡಲು ಬಂದಿದ್ದ ಸರ್ದಾರ ಮೆಲ್ಲಗೆ ಎದ್ದು, ಮಗನನ್ನು ಎತ್ತಿಕೊಂಡು ನಡೆದ. ಮೌಲಾಲಿಯ ಹೆಂಡತಿ ಕರೀಮುನ್ನಿಸಾ ಬಾಗಿಲ ಪರದೆಯ ಹಿಂದೆ ಅಳುತ್ತಿದ್ದಳು. ಮೌಲಾಲಿ ಚರ್ಮ ಕೊಯ್ಯುವ ರಾಪಿಯನ್ನು ಕೆಳಗಿಟ್ಟು ಕುಳಿತಲ್ಲೇ ಕುಳಿತಿದ್ದ.

ಕೂಗಿ ಕೂಗಿ ಜಗದೇವಪ್ಪನ ದನಿ ಬಿದ್ದುಹೋಯಿತು. ಅಂಗಡಿಯ ಮೆಟ್ಟಿಲ ಮೇಲೆ ಕುಸಿದ. ರುಮಾಲಿನಿಂದ ಮುಖ ಒರೆಸಿಕೊಂಡು, ಜಗಳವೇ ಆಗಿಲ್ಲವೆಂಬಂತೆ ತಗ್ಗಿದ ದನಿಯಲ್ಲಿ ಹೇಳಿದ:

“ಹುಣ್ಣಿಮಿ ಆದ ಮ್ಯಾಲ ಮತ್ತೊಬ್ರು ಬರ್ತಾರ. ಈ ಸಲ ಟಪಾಲು ಬ್ಯಾಡ. ನೀ ಹೊಲಿಯೂತನಕ ಇಲ್ಲೇ ಕುಂದ್ರತೇನಿ, ಕೈಯಾಗ ಒಯ್ತೇನಿ. ಹಳೀ ಅಳತಿ ಕಳದಿರಬೇಕು ನೀ. ಮುಂಜಾನಿ ನಾನೇ ಹೊಸಾದು ತಗೊಂಡೇನಿ.”

ಮಡಚಿದ ಹಾಳೆಯನ್ನು ಮೌಲಾಲಿಯ ತೊಡೆಯ ಮೇಲಿಟ್ಟ. ಗೌರಾಳ ಕಾಲನ್ನು ಹಾಳೆಯ ಮೇಲೆ ಇರಿಸಿ ಸುತ್ತಲೂ ಪೆನ್ಸಿಲಿನಿಂದ ಎಳೆದ ಗೆರೆ. ಮೂರು ಕಡೆ, ಕಾಲು ಹಿಂದಕ್ಕೆಳೆದುಕೊಂಡಲ್ಲಿ, ಗೆರೆ ಚಿಮ್ಮಿ ಹೊರಗೆ ಹೋಗಿತ್ತು. ಹಿಮ್ಮಡಿಯ ಹತ್ತಿರ ಹಾಳೆಯೇ ಹರಿದಿತ್ತು.