ಮುಂದಿನ ಸಾಲಿನ ನಗು

ಡಾನ್ಸ್ ಟೀಚರ್ ಕಾಲು ಚಾಚಿ ಬಗ್ಗಿದ್ದ ಮಕ್ಕಳಲ್ಲಿ ಒಬ್ಬ ಹುಡುಗಿಯ ಬೆನ್ನ ಮೇಲೆ ಅಂಗೈಯಿಟ್ಟು ಇನ್ನೊಂಚೂರು ಒತ್ತಿದ್ದೇ ತಡ, ಅವಳ ಪುಟ್ಟ ಕಾಲಿನ ಕೀಲಿನಲ್ಲಿ ಏನೋ ಲಟಕ್ಕೆಂದಿತು. ಟೀಚರ್ ಕೈ ಹಿಂದೆಗೆದು ಎದುರಿನ ಗೋಡೆಗನ್ನಡಿ ನೋಡಿದರು. ಹುಡುಗಿ ನಗುತ್ತಿದ್ದಳು.

"ನೋವಾಯ್ತೇನೇ, ಚಿನಕುರಳಿ?"

"ಇಲ್ಲ ಟೀಚರ್." ನಗು ಇನ್ನಷ್ಟು ಅಗಲವಾಯಿತು. ಆದರೆ ಅವಳ ಗಲ್ಲದಿಂದ ಜಾರಿ ನೆಲಕ್ಕೆ ಬಿದ್ದ ಹನಿ ಬೆವರಿನದಲ್ಲ. ಗಿಣಿಗೆ ಹೇಳಿದ ಹಾಗೆ ಹೇಳಿಕೊಟ್ಟವರು ಟೀಚರೇ: ಎಲ್ಲಿ ನೊಂದರೂ ಮುಖ ಸಿಂಡರಿಸಬಾರದು, ಹಲ್ಲು ಕಾಣಬೇಕು, ನಗುವವರಿಗೆ ಮಾತ್ರ ಮುಂದಿನ ಸಾಲು. ಎಳೇ ಮೈ, ಹೇಗೆ ಬೇಕಾದರೂ ಬಗ್ಗುತ್ತೆ ಎಂದು ತಾಯಂದಿರೆದುರು ಜಂಬ ಕೊಚ್ಚಿಕೊಂಡದ್ದೂ ಉಂಟು. ಇವತ್ತೂ ಆ ನಗುವನ್ನು ನಂಬಿಯೇ ಒತ್ತಿದ್ದರು.

ಅವರು ನೆಲದ ಮೇಲೇ ಕುಸಿದು ಕೂತು, ಕಾಲು ಅಲುಗದ ಹಾಗೆ ಹುಡುಗಿಯನ್ನು ತಮ್ಮ ಎದೆಗೆ ಒರಗಿಸಿಕೊಂಡರು. "ಸಾಕು ಕಂದಾ, ನಗಬೇಡ. ನೋವಿದ್ರೆ ಅತ್ತುಬಿಡು."

"ಅತ್ರೆ ಹಿಂದಿನ ಸಾಲಿಗೆ ಹಾಕ್ತೀರಲ್ವಾ?" ಎಂದಳು ಹುಡುಗಿ, ನಗುತ್ತಲೇ.

ಟೀಚರ್ ಉಳಿದವರಿಗಾದರೂ ಏಳಲು ಹೇಳೋಣವೆಂದು ತಲೆಯೆತ್ತಿದರು. ಹಾಗೇ ಕಾಲು ಚಾಚಿ ಕೂತಿದ್ದ ಮಕ್ಕಳೆಲ್ಲ ಕನ್ನಡಿಯಲ್ಲಿ ಅವರನ್ನೇ ನೋಡುತ್ತ, ಹಲ್ಲು ಬಿಟ್ಟುಕೊಂಡು ನಗುತ್ತಿದ್ದರು. ಅವರಲ್ಲಿ ಯಾರಿಗೆ ನೋಯುತ್ತಿದೆ ಎಂದು ಟೀಚರಿಗೆ ಗುರುತು ಹಿಡಿಯಲಾಗಲಿಲ್ಲ.