ಕನ್ಯಾ ನೋಡಲು ಬಂದವರು

ಹೊರಗೆ ಚಕ್ಕಡಿಯ ಸಪ್ಪಳ ಕೇಳಿದ್ದೇ ತಡ, ಗುರವ್ವ ಹಲ್ಲು ಕಚ್ಚಿ ಎದ್ದು ಕುಳಿತಳು. ಎದೆಯ ಹುಣ್ಣಿಗೆ ಕಟ್ಟಿದ ಹಳೇ ಧೋತರದ ಅರಿವೆ ಕಾಣದಂತೆ ಮಗಳು ಕಸ್ತೂರೆವ್ವ ಅವಳಿಗೆ ಸೆರಗನ್ನು ಎರಡು ಸುತ್ತು ಹೊದಿಸಿದಳು. ಕೀವಿನ ವಾಸನೆ ಮುಚ್ಚಲು ಕೋಣೆಯ ತುಂಬ ಲೋಬಾನದ ಹೊಗೆ.

"ಯಾರರೆ ಕೇಳಿದ್ರ ವಾಯು ಆಗೇತಿ ಅನ್ನು," ಎಂದಳು ಗುರವ್ವ. "ಕ್ಯಾನ್ಸರ್ ಅನ್ನೂದು ಹೊರಗ ಬಿತ್ತಂದ್ರ ನಿನ್ನ ಲಗ್ನದ ಮಾತು ಮುಗಿದಂಗ."

ಅವಳ ಭಯ ಸುಳ್ಳೇನಲ್ಲ. ಅದು ಎಂಬತ್ನಾಲ್ಕನೇ ಇಸವಿ. ಆ ರೋಗ ಅಂಟುತ್ತದೆ ಎನ್ನುವವರು ಓಣಿಗೆ ಹತ್ತು ಮಂದಿ. ತಾಯಿಯಿಂದ ಮಗಳಿಗೆ ಇಳಿಯುತ್ತದೆ ಎನ್ನುವವರು ಇನ್ನೂ ಹತ್ತು ಮಂದಿ. ಈಗಾಗಲೇ ಎರಡು ಸಂಬಂಧ ಬಾಗಿಲ ತನಕ ಬಂದು ತಿರುಗಿ ಹೋಗಿದ್ದವು.

ಹುಬ್ಬಳ್ಳಿಯ ಡಾಕ್ಟರು ಇನ್ನೇನೂ ಮಾಡುವಂತಿಲ್ಲ, ಮನೆಗೆ ಕರೆದುಕೊಂಡು ಹೋಗಿರಿ ಎಂದು ಹೇಳಿ ಏಳು ತಿಂಗಳಾಗಿತ್ತು. ಅಂದಿನಿಂದ ಇಪ್ಪತ್ತೆರಡರ ಹುಡುಗಿ ಆ ಕೋಣೆ ಬಿಟ್ಟು ಹೊರಬಿದ್ದಿರಲಿಲ್ಲ. ಹುಣ್ಣು ತೊಳೆಯಬೇಕು, ಅರಿವೆ ಕುದಿಸಬೇಕು, ಗಂಜಿ ಕುಡಿಸಬೇಕು, ಮಗ್ಗಲು ಹೊರಳಿಸಬೇಕು. ಗುರವ್ವನಿಗೆ ಸಾಯುವ ದುಃಖ ಅಷ್ಟೇನೂ ಇರಲಿಲ್ಲ. ಮಗಳ ಹರೆಯ ತನ್ನ ಕೀವು ಒರೆಸುವುದರಲ್ಲೇ ಹೋಗುತ್ತಿದೆಯಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಕಣ್ಣು ಮುಚ್ಚುವುದರೊಳಗೆ ಅವಳನ್ನು ಈ ಚಾಕರಿಯಿಂದ ಬಿಡಿಸಬೇಕು, ಅಷ್ಟೇ.

ಈ ಸಂಬಂಧ ತಂದವನು ಬುಡನಸಾಬ. ಸೈಕಲ್ ಮೇಲೆ ಸುತ್ತಲಿನ ಹಳ್ಳಿಗಳನ್ನು ತಿರುಗಿ ಸೂಜಿ ಮಾಡುವ ಕಂಪೌಂಡರ್. ಗುರವ್ವನ ನೋವಿಗೂ ದಿನ ಬಿಟ್ಟು ದಿನ ಅವನದೇ ಸೂಜಿ. ಗುಡಗೇರಿಯಲ್ಲಿ ಅನುಕೂಲಸ್ಥ ಮನೆತನ, ಹುಡುಗ ಶಂಭುಲಿಂಗಪ್ಪ ಶಾಲೆಯ ಮಾಸ್ತರ, ಒಬ್ಬನೇ ಮಗ ಎಂದು ತಾನಾಗಿ ಬಂದು ಹೇಳಿದ್ದ. ನನ್ನ ರೋಗದ ಮಾತು ಮಾತ್ರ ಎತ್ತಬೇಡಪ್ಪಾ ಎಂದು ಗುರವ್ವ ಕೈಮುಗಿದಿದ್ದಳು.

"ಒಬ್ಬರ ಮನಿ ಬ್ಯಾನಿ ಇನ್ನೊಬ್ಬರ ಮನ್ಯಾಗ ಹೇಳೂ ಪೈಕಿ ಅಲ್ಲಬೇ ನಾ," ಎಂದು ಅವನು ಎದೆ ಮುಟ್ಟಿಕೊಂಡಿದ್ದ.

ಬಂದವರು ಮೂವರು. ಹುಡುಗ, ಒಬ್ಬ ಹಿರಿಯ, ಹುಡುಗನ ಚಿಕ್ಕವ್ವ ಬಸಕ್ಕ. ಮಾತೆಲ್ಲ ಬಸಕ್ಕನದೇ. ಕನ್ಯಾ ನೋಡಲು ಬಂದವರು ಹಾಡು ಹೇಳಿಸುತ್ತಾರೆ, ನಡೆಸಿ ನೋಡುತ್ತಾರೆ. ಈಕೆ ಅದ್ಯಾವುದನ್ನೂ ಕೇಳಲಿಲ್ಲ. ಹುಡುಗಿಯ ಕೈ ಹಿಡಿದು ಉಗುರು ನೋಡಿದಳು. ತುಂಬಿದ ಕೊಡ ಎತ್ತುತ್ತೀಯಾ, ಬೇಗ ಸಿಟ್ಟು ಬರುತ್ತದೆಯೇ ಎಂದು ವಿಚಾರಿಸಿದಳು. ಆಮೇಲೆ, ಅವ್ವನನ್ನು ನೋಡುತ್ತೇನೆ ಎನ್ನುತ್ತ ನೇರ ಒಳಕೋಣೆಗೇ ನುಗ್ಗಿದಳು.

ಗುರವ್ವನ ಜೀವ ಬಾಯಿಗೆ ಬಂತು. ವಾಯು, ಕೀಲುನೋವು ಎಂದು ಏನೇನೋ ಹೇಳಿದಳು. ಹೇಳುತ್ತಲೇ ದಿಂಬಿನಿಂದ ಜಾರಿದಳು. ಕಸ್ತೂರೆವ್ವ ಬಗ್ಗಿ, ಹುಣ್ಣಿನ ಬದಿಗೆ ಚೂರೂ ತಾಗದಂತೆ ಬೆನ್ನಿಗೆ ಕೈಕೊಟ್ಟು, ಒಂದೇ ಸಲಕ್ಕೆ ಎತ್ತಿ ಕೂರಿಸಿದಳು. ಸೆರಗು ಸರಿಯಿತು, ಅರಿವೆಯ ಮೇಲಿನ ಕಲೆ ಕಂಡಿತು. ಬಸಕ್ಕ ಎವೆಯಿಕ್ಕದೆ ನೋಡುತ್ತಿದ್ದಳು. ಆಯಿತು, ಇದೂ ಮುರಿಯಿತು ಎಂದು ಗುರವ್ವ ಕಣ್ಣು ಮುಚ್ಚಿಕೊಂಡಳು.

"ಅಕ್ಕಾರ, ಹುಡುಗಿ ಅಗದಿ ಮನಸಿಗೆ ಬಂದಳ್ರಿ," ಎಂದಳು ಬಸಕ್ಕ. "ಕೊಡೂದು ತಗೊಳ್ಳೂದು ಏನೂ ಬ್ಯಾಡ. ಎಂಟು ದಿನದಾಗ ತಾಳಿ ಕಟ್ಟಿಸಿಕೊಂಡು ಹೋಗ್ತೀವಿ."

ಗುರವ್ವನ ತಮ್ಮ ಮಡಿವಾಳೆಪ್ಪ ಬೆರಗಾದ. ಇಷ್ಟು ಅವಸರ ಯಾಕ್ರಿ, ಹುಡುಗನ ತಾಯಿ ಒಮ್ಮೆ ಬಂದು ನೋಡುವುದು ಬೇಡವೇ ಎಂದು ಕೇಳಿದ. ನಮ್ಮಕ್ಕ ಹರಕೆ ಹೊತ್ತಿದ್ದಾಳೆ, ಸೊಸೆ ಮನೆ ತುಂಬುವ ತನಕ ಹೊಸ್ತಿಲು ದಾಟುವುದಿಲ್ಲ ಎಂದಳು ಬಸಕ್ಕ. ಅವಸರವೆಲ್ಲ ನಿಮ್ಮ ಸಲುವಾಗಿಯೇ, ಹಡೆದಾಕೆ ಕಣ್ಣಾರೆ ಅಕ್ಷತೆ ನೋಡಲಿ ಎಂದೂ ಸೇರಿಸಿದಳು. ಎಲ್ಲ ತಿಳಿದೂ ಮುಚ್ಚಿಕೊಂಡಳಲ್ಲ ಈ ಪುಣ್ಯಾತ್ಗಿತ್ತಿ! ಗುರವ್ವ ಅತ್ತೇಬಿಟ್ಟಳು.

ಮಠದಲ್ಲಿ ಲಗ್ನವಾಯಿತು. ಗುರವ್ವನನ್ನು ಕುರ್ಚಿಯಲ್ಲಿ ಹೊತ್ತೊಯ್ದರು. ಅವಳನ್ನು ನೋಡಿಕೊಳ್ಳಲು ಹಿಂದಿನ ಓಣಿಯ ದುರಗವ್ವ ಒಪ್ಪಿದ್ದಳು. ಪಾಪ, ಆಕೆ ಅರಿವೆ ಬಿಚ್ಚುವಾಗ ಮುಖ ಆ ಕಡೆ ತಿರುಗಿಸುತ್ತಿದ್ದಳು, ಕೈ ಹೋಗಿ ಹುಣ್ಣಿಗೇ ತಾಗುತ್ತಿತ್ತು. ಆದರೂ ಗುರವ್ವ ಒಂದು ಸಲವೂ ಚೀರಲಿಲ್ಲ. ಮಗಳು ಪಾರಾದಳಲ್ಲ, ಇಷ್ಟು ತಡೆದುಕೊಂಡರೇನು ಎಂದುಕೊಳ್ಳುತ್ತಿದ್ದಳು.

ಐದನೇ ದಿನ ಕಸ್ತೂರೆವ್ವ ತವರಿಗೆ ಬಂದಳು. ಹಸಿರು ಬಳೆ ಹಿಂದೆ ಸರಿಸಿ, ನೀರು ಕಾಯಿಸಿ, ಹುಣ್ಣು ತೊಳೆಯಲು ಕುಳಿತಳು.

"ಬಿಡವ್ವಾ," ಎಂದಳು ಗುರವ್ವ. "ನಿನಗ ಈ ಹೊಲಸು ತಪ್ಪಿತಲ್ಲ, ನಾ ಇನ್ನ ಆರಾಮ ಸಾಯ್ತೀನಿ. ಅತ್ತಿ ಹೆಂಗದಾರ, ಚಲೋ ನೋಡ್ಕೋತಾರಿಲ್ಲೋ?"

ಕಸ್ತೂರೆವ್ವ ಅರಿವೆಯ ಗಂಟು ಬಿಗಿದಳು.

"ಸಂಜೀಕ ತಿರುಗಿ ಹೋಗಬೇಕವ್ವಾ, ಅತ್ತಿಯವರಿಗೂ ಇದಽ ಬ್ಯಾನಿ, ಹುಣ್ಣು ತೊಳ್ಯಾಕ ಕೈ ಪಳಗಿದ ಹುಡುಗಿ ಬೇಕಂತ ಬುಡನಸಾಬಗ ಹೇಳಿ ಹುಡುಕಿಸಿದ್ರಂತ."